ಮೂರನೆಯವರನ್ನು ಕೇಳಿ: ಗುಂಪು ವಿಡಿಯೊ ಮೀಟಿಂಗ್‌ನಲ್ಲಿ ಧ್ವನಿ, ಚಿತ್ರ ಕೈಕೊಟ್ಟಾಗ

“ಸರ್, ನಿಮ್ಮ ಧ್ವನಿ ಕಟ್ ಆಗ್ತಿದೆ.” ಮೀಟಿಂಗ್‌ನಲ್ಲಿ ಯಾರೋ ಹೀಗೆ ಹೇಳಿದ ಕೂಡಲೇ ಆ ಸರ್ ಗಾಬರಿಯಾಗುತ್ತಾರೆ. ಹೆಡ್‌ಫೋನ್ ಕಿತ್ತು ಮತ್ತೆ ಹಾಕುತ್ತಾರೆ, ಸೆಟ್ಟಿಂಗ್ ತೆರೆದು ಕಣ್ಣಿಗೆ ಬಿದ್ದದ್ದನ್ನೆಲ್ಲ ಬದಲಿಸುತ್ತಾರೆ, ಹೊರಗೆ ಹೋಗಿ ಮತ್ತೆ ಸೇರುತ್ತಾರೆ, ಅಷ್ಟರಲ್ಲಿ ಹತ್ತು ನಿಮಿಷ ಹೋಗಿರುತ್ತದೆ. ಆಮೇಲೆ ನೋಡಿದರೆ ತೊಂದರೆ ಇದ್ದದ್ದು ದೂರು ಹೇಳಿದವರ ಮನೆಯ ವೈಫೈನಲ್ಲಿ. ಸರ್ ಕಡೆ ಎಲ್ಲ ಸರಿಯಾಗಿಯೇ ಇತ್ತು. ಈಗ ಮಾತ್ರ ಸರಿಯಿಲ್ಲ, ಯಾಕೆಂದರೆ ಅವರು ಮೈಕ್ ಬದಲಿಸಿಬಿಟ್ಟಿದ್ದಾರೆ.

ಧಾರವಾಡದ ಒಂದು ತರಬೇತಿ ಸಂಸ್ಥೆಯಲ್ಲಿ ಆನ್‌ಲೈನ್ ತರಗತಿ, ಮೀಟಿಂಗ್‌ಗಳನ್ನು ನಡೆಸಿಕೊಡುವ ಕೆಲಸ ನನ್ನದು. ಒಂದೊಂದರಲ್ಲಿ ಹತ್ತರಿಂದ ನಲವತ್ತು ಜನ ಇರುತ್ತಾರೆ. ಕೆಲವರು ಲ್ಯಾಪ್‌ಟಾಪ್‌ನಲ್ಲಿ, ಜಾಸ್ತಿ ಜನ ಮೊಬೈಲ್‌ನಲ್ಲಿ. ಈ ಕೆಲಸದಲ್ಲಿ ನಾನು ಕಲಿತ ಮುಖ್ಯ ವಿಷಯ ಒಂದೇ. ಯಾವ ಸೆಟ್ಟಿಂಗೂ ಮುಟ್ಟುವ ಮೊದಲು ಮೂರನೆಯವರನ್ನು ಕೇಳಬೇಕು. ಇಬ್ಬರೇ ಇರುವ ಕರೆಯಲ್ಲಿ ದೋಷ ಆ ಕಡೆಯೋ ಈ ಕಡೆಯೋ ಗೊತ್ತಾಗುವುದು ಕಷ್ಟ. ಮೂರು ಜನ ಇದ್ದರೆ ಸಾಕು, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮೊದಲ ಪ್ರಶ್ನೆ: ಯಾರಿಗೆ ಯಾರದು ಹಾಳು?

ಇದು ಯಾಕೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಹೇಳಬೇಕು. ಹತ್ತು ಜನರ ಮೀಟಿಂಗ್‌ನಲ್ಲಿ ಪ್ರತಿಯೊಬ್ಬರೂ ಉಳಿದ ಒಂಬತ್ತು ಜನರಿಗೆ ನೇರವಾಗಿ ಚಿತ್ರ ಕಳಿಸಬೇಕಾದರೆ ಒಟ್ಟು 90 ಹರಿವುಗಳಾಗುತ್ತವೆ. ಮನೆಯ ಇಂಟರ್‌ನೆಟ್ ಅದನ್ನು ತಾಳುವುದಿಲ್ಲ. ಅದಕ್ಕೇ ಜೂಮ್, ಗೂಗಲ್ ಮೀಟ್, ಟೀಮ್ಸ್, ಜಿಟ್ಸಿ ಎಲ್ಲದರಲ್ಲೂ ನಡುವೆ ಒಂದು ಸರ್ವರ್ ಇರುತ್ತದೆ. ನೀವು ನಿಮ್ಮ ಧ್ವನಿ, ಚಿತ್ರವನ್ನು ಅದಕ್ಕೆ ಕೊಡುತ್ತೀರಿ. ಅದು ಬೇಕಾದವರಿಗೆಲ್ಲ ಹಂಚುತ್ತದೆ. ಚಿತ್ರವನ್ನು ಸಾಮಾನ್ಯವಾಗಿ ದೊಡ್ಡದು, ನಡುವಿನದು, ಚಿಕ್ಕದು ಅಂತ ಎರಡು ಮೂರು ಅಳತೆಯಲ್ಲಿ ಕಳಿಸಲಾಗುತ್ತದೆ. ಇಂಟರ್‌ನೆಟ್ ನಿಧಾನ ಇರುವವರಿಗೆ ಸರ್ವರ್ ಚಿಕ್ಕದನ್ನು ಕೊಡುತ್ತದೆ. ಅಂದರೆ ನಿಮಗೂ ನನಗೂ ನಡುವೆ ನೇರ ದಾರಿ ಇಲ್ಲ. ನಿಮ್ಮಿಂದ ಸರ್ವರ್‌ಗೆ ಒಂದು, ಸರ್ವರ್‌ನಿಂದ ನನಗೆ ಇನ್ನೊಂದು. ಯಾವುದು ಕೆಟ್ಟಿದೆ ಅಂತ ಹೇಳುವವರು ಉಳಿದವರು.

ಒಬ್ಬರ ಧ್ವನಿ ಎಲ್ಲರಿಗೂ ಕಟ್ ಆಗುತ್ತಿದೆಯಾ? ಹಾಗಾದರೆ ಮಾತಾಡುವವರ ಮೈಕ್, ಕಂಪ್ಯೂಟರ್ ಅಥವಾ ಅಪ್‌ಲೋಡ್ ನೋಡಿ. ಒಬ್ಬರಿಗೆ ಮಾತ್ರ ಎಲ್ಲರದೂ ಕಟ್ ಆಗುತ್ತಿದೆಯಾ? ಕೇಳುವವರ ಕಡೆ ನೋಡಿ. ಎಲ್ಲರಿಗೂ ಎಲ್ಲರದೂ ಹಾಳಾಗಿದ್ದರೆ ಸರ್ವರ್, ಇಲ್ಲವೇ ಅಷ್ಟೂ ಜನ ಕೂತಿರುವ ಒಂದೇ ಆಫೀಸಿನ ಇಂಟರ್‌ನೆಟ್. ಇನ್ನೊಂದು ಬಗೆ ಇದೆ. ಒಬ್ಬರಿಗೆ ಒಬ್ಬರದು ಮಾತ್ರ ಕಾಣುವುದಿಲ್ಲ, ಉಳಿದದ್ದೆಲ್ಲ ಸರಿ. ಇದರಲ್ಲಿ ಇಂಟರ್‌ನೆಟ್ ಮೇಲೆ ಅನುಮಾನ ಪಟ್ಟು ಫಲ ಇಲ್ಲ, ಯಾಕೆಂದರೆ ಎರಡೂ ದಾರಿ ಬೇರೆಯವರಿಗೆ ಚೆನ್ನಾಗಿ ನಡೆಯುತ್ತಿವೆ. ನೋಡುವವರು ಒಮ್ಮೆ ಹೊರಗೆ ಹೋಗಿ ಬಂದರೆ ಎಷ್ಟೋ ಸಲ ಸರಿಹೋಗುತ್ತದೆ. ಹೋಗದೆ ಕಪ್ಪು ಚೌಕವೇ ಕಾಣುತ್ತಿದ್ದರೆ ಬ್ರೌಸರ್‌ನಲ್ಲಿ ಹಾರ್ಡ್‌ವೇರ್ ಆಕ್ಸೆಲರೇಶನ್ (ಚಿತ್ರ ತೋರಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ಒಪ್ಪಿಸುವ ಆಯ್ಕೆ) ಆಫ್ ಮಾಡಿ ನೋಡಿ.

ಹೋದ ಮಳೆಗಾಲದಲ್ಲಿ ಒಂದು ಮೀಟಿಂಗ್ ನಡುವೆ ಹಿರಿಯ ತರಬೇತುದಾರರೊಬ್ಬರು ನನಗೆ ಫೋನ್ ಮಾಡಿದರು.

“ತಮ್ಮಾ, ಯಾರ ಮಾತೂ ಸರಿ ಕೇಳಿಸ್ತಿಲ್ಲ. ಎಲ್ಲರ ನೆಟ್ಟೂ ಕೆಟ್ಟಿದೆ ನೋಡು.”

“ಸರ್, ಎಲ್ಲರದೂ ಕಟ್ ಆಗ್ತಿದೆಯಾ, ಒಬ್ಬರದಾ?”

“ಎಲ್ಲರದೂ.”

“ನಿಮ್ಮ ಮಾತು ಅವರಿಗೆ ಕೇಳಿಸ್ತಿದೆಯಂತಾ? ಒಮ್ಮೆ ಕೇಳಿ ನೋಡಿ.”

ಕೇಳಿದರು. ಚೆನ್ನಾಗಿ ಕೇಳಿಸುತ್ತಿದೆ ಅಂದರು ಎಲ್ಲರೂ. ಅಲ್ಲಿಗೆ ಅವರ ಅಪ್‌ಲೋಡ್ ಸರಿ, ಸರ್ವರ್ ಸರಿ, ಉಳಿದವರೂ ಸರಿ. ಉಳಿದದ್ದು ಅವರ ಮನೆಗೆ ಬರುವ ಡೌನ್‌ಲೋಡ್ ಒಂದೇ. ಪಕ್ಕದ ಕೋಣೆಯಲ್ಲಿ ಟಿವಿಗೆ ಯಾವುದೋ ದೊಡ್ಡ ಅಪ್‌ಡೇಟ್ ಇಳಿಯುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆ ಮಾತು ಸರಿಯಾಯಿತು. ಎರಡು ಪ್ರಶ್ನೆಗೆ ಸಿಕ್ಕ ಉತ್ತರ ಇದು, ಒಂದು ಸೆಟ್ಟಿಂಗೂ ಮುಟ್ಟಲಿಲ್ಲ.

ಧ್ವನಿಯೇ ಬರುತ್ತಿಲ್ಲ

ಇದರಲ್ಲಿ ಹೇಳುವುದು ಜಾಸ್ತಿ ಇಲ್ಲ. ಮ್ಯೂಟ್ ನೋಡಿ. ಹೆಡ್‌ಸೆಟ್ ವಯರಿನ ಮೇಲಿನ ಮ್ಯೂಟ್ ಬಟನ್ನೂ ನೋಡಿ, ಅದನ್ನು ಮರೆಯುತ್ತಾರೆ. ಆ್ಯಪ್ ಒಳಗೆ ಯಾವ ಮೈಕ್ ಆಯ್ಕೆಯಾಗಿದೆ ನೋಡಿ. ಲ್ಯಾಪ್‌ಟಾಪ್‌ಗೆ ಮಾನಿಟರ್ ಸಿಕ್ಕಿಸಿದರೆ ಧ್ವನಿ ಸುಮ್ನೆ ಆ ಮಾನಿಟರ್ ಕಡೆ ಹೋಗಿ ಕೂತಿರುತ್ತದೆ, ಅದರಲ್ಲಿ ಸ್ಪೀಕರೇ ಇರುವುದಿಲ್ಲ. ಬ್ರೌಸರ್‌ನಲ್ಲಿ ಮೈಕ್‌ಗೆ ಅನುಮತಿ ಕೊಟ್ಟಿದ್ದರೂ ವಿಂಡೋಸ್ ಅಥವಾ ಮ್ಯಾಕ್ ಸೆಟ್ಟಿಂಗ್‌ನಲ್ಲಿ ಬ್ರೌಸರ್‌ಗೇ ಅನುಮತಿ ಇಲ್ಲದಿರಬಹುದು. ಮೊಬೈಲ್‌ನಲ್ಲಿ ಮೀಟಿಂಗ್ ನಡುವೆ ಮಾಮೂಲಿ ಫೋನ್ ಕರೆ ಬಂದರೆ ಮೈಕ್ ಅದಕ್ಕೆ ಹೋಗುತ್ತದೆ, ಕರೆ ಮುಗಿದ ಮೇಲೂ ಕೆಲವೊಮ್ಮೆ ವಾಪಸ್ ಬರುವುದಿಲ್ಲ. ಆಗ ಹೊರಗೆ ಹೋಗಿ ಬರುವುದೇ ಸುಲಭ.

ಪ್ರತಿಧ್ವನಿ: ಯಾರಿಗೆ ಕೇಳಿಸುತ್ತದೋ ಅವರು ಕಾರಣ ಅಲ್ಲ

ಜನ ಅತಿ ಹೆಚ್ಚು ತಪ್ಪು ತಿಳಿಯುವುದು ಇದನ್ನು. ನಾನು ಮಾತಾಡಿದಾಗ ನನ್ನ ಮಾತೇ ಅರ್ಧ ಸೆಕೆಂಡ್ ತಡವಾಗಿ ನನಗೆ ಕೇಳಿಸಿದರೆ, ದೋಷ ನನ್ನ ಕಡೆ ಇಲ್ಲ. ಬೇರೆ ಯಾರದೋ ಕೋಣೆಯಲ್ಲಿ ನನ್ನ ಧ್ವನಿ ಸ್ಪೀಕರ್‌ನಿಂದ ಹೊರಬಂದು ಅವರ ಮೈಕ್‌ಗೆ ಹೋಗಿ ವಾಪಸ್ ಬರುತ್ತಿದೆ. ಆ ಮನುಷ್ಯನಿಗೆ ಅದು ಗೊತ್ತೇ ಆಗುವುದಿಲ್ಲ. ಅವನ ಧ್ವನಿ ಅವನಿಗೆ ವಾಪಸ್ ಬರುತ್ತಿಲ್ಲವಲ್ಲ! ಅದಕ್ಕೇ ನಾನು ಹೀಗೆ ಕೇಳುತ್ತೇನೆ: “ಒಬ್ಬೊಬ್ಬರಾಗಿ ಹಲೋ ಅನ್ನಿ, ಯಾರಿಗೆ ನಿಮ್ಮ ಧ್ವನಿ ವಾಪಸ್ ಕೇಳಿಸಲಿಲ್ಲ?” ಹತ್ತರಲ್ಲಿ ಒಂಬತ್ತು ಜನ ಕೇಳಿಸಿತು ಅಂದರೆ, ಕೇಳಿಸದ ಆ ಒಬ್ಬರ ಮೈಕೇ ಮೂಲ. ಅಷ್ಟು ಸಮಯ ಇಲ್ಲದಿದ್ದರೆ ಎಲ್ಲರನ್ನೂ ಮ್ಯೂಟ್ ಮಾಡಿ, ಒಬ್ಬರು ಮಾತಾಡುತ್ತಿರುವಾಗ ಉಳಿದವರನ್ನು ಒಬ್ಬೊಬ್ಬರಾಗಿ ತೆರೆಯುತ್ತಾ ಹೋಗಿ. ಯಾರನ್ನು ತೆರೆದಾಗ ಪ್ರತಿಧ್ವನಿ ಶುರುವಾಯಿತೋ ಅವರು.

ಸಿಕ್ಕಿದ ಮೇಲೆ ಪರಿಹಾರ ಚಿಕ್ಕದು. ಹೆಡ್‌ಫೋನ್ ಹಾಕಿಸಿ, ಇಲ್ಲವೇ ಸ್ಪೀಕರ್ ಧ್ವನಿ ಇಳಿಸಿ. ಎಲ್ಲ ಆ್ಯಪ್‌ಗಳಲ್ಲೂ ಪ್ರತಿಧ್ವನಿ ಕಳೆಯುವ ವ್ಯವಸ್ಥೆ ಇದೆ, ಆದರೆ ಅದು ತನ್ನ ಸ್ಪೀಕರ್‌ಗೆ ತಾನೇ ಕಳಿಸಿದ ಧ್ವನಿಯನ್ನು ಮಾತ್ರ ಗುರುತು ಹಿಡಿದು ಕಳೆಯಬಲ್ಲದು. ಒಂದೇ ಕೋಣೆಯಲ್ಲಿ ಇಬ್ಬರು ಎರಡು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರೆ, ಪಕ್ಕದ ಲ್ಯಾಪ್‌ಟಾಪ್‌ನ ಸ್ಪೀಕರ್‌ನಿಂದ ಬರುವ ಮಾತು ಇದಕ್ಕೆ ಹೊಸ ಮಾತಿನಂತೆಯೇ ಕಾಣುತ್ತದೆ. ಸುತ್ತು ಹೊಡೆದು ಹೊಡೆದು ಕೀರಲು ಶಬ್ದವಾಗುತ್ತದೆ. ಒಂದು ಕೋಣೆಗೆ ಒಂದೇ ಮೈಕ್, ಒಂದೇ ಸ್ಪೀಕರ್. ಉಳಿದವರು ಧ್ವನಿ ಸಂಪರ್ಕವನ್ನೇ ಬಿಟ್ಟು ಚಿತ್ರ ಮಾತ್ರ ಇಟ್ಟುಕೊಳ್ಳಬೇಕು.

ಸಭಾಂಗಣದಲ್ಲಿ ಇದೇ ದೋಷ ಬೇರೆ ವೇಷದಲ್ಲಿ ಬರುತ್ತದೆ. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮದುವೆ ಮನೆ, ಕಾಲೇಜು, ಸಾಹಿತ್ಯ ಗೋಷ್ಠಿ ಎಲ್ಲ ಕಡೆ ಇದೇ ಆಗುತ್ತಿದೆ. ನಮ್ಮ ಹಾಲ್‌ನಲ್ಲಿ ಮೂವತ್ತು ಜನ ಎದುರಿಗೆ ಕೂತಿದ್ದರು, ಹನ್ನೆರಡು ಜನ ಆನ್‌ಲೈನ್. ಮೈಕ್‌ಗಳೆಲ್ಲ ಮಿಕ್ಸರ್‌ಗೆ, ಅಂದರೆ ಎಲ್ಲ ಧ್ವನಿಗಳನ್ನು ಒಟ್ಟುಗೂಡಿಸುವ ಸೌಂಡ್ ಪೆಟ್ಟಿಗೆಗೆ. ಆನ್‌ಲೈನ್‌ನವರ ಮಾತು ಹಾಲ್‌ಗೆ ಕೇಳಲಿ ಅಂತ ಲ್ಯಾಪ್‌ಟಾಪ್‌ನ ಹೆಡ್‌ಫೋನ್ ತೂತಿನಿಂದ ಒಂದು ವಯರ್ ಮಿಕ್ಸರ್‌ನ ಒಂದು ಚಾನೆಲ್‌ಗೆ. ಹಾಲ್‌ನ ಮಾತು ಆನ್‌ಲೈನ್‌ನವರಿಗೆ ಕೇಳಲಿ ಅಂತ ಮಿಕ್ಸರ್‌ನ ಮೇನ್ ಔಟ್‌ನಿಂದ (ಎಲ್ಲ ಚಾನೆಲ್‌ಗಳ ಧ್ವನಿ ಒಟ್ಟಾಗಿ ಹೊರಬರುವ ತೂತು) ಇನ್ನೊಂದು ವಯರ್ ಲ್ಯಾಪ್‌ಟಾಪ್‌ಗೆ. ನೋಡಲು ಎಲ್ಲ ಸರಿ. ಆದರೆ ಆನ್‌ಲೈನ್‌ನಲ್ಲಿ ಬಾಯಿ ತೆರೆದವರಿಗೆಲ್ಲ ಅವರ ಮಾತು ವಾಪಸ್. ಸೌಂಡ್ ಸಿಸ್ಟಮ್ ಅಣ್ಣ ಹಾಲ್‌ನ ಸ್ಪೀಕರ್ ಇಳಿಸುತ್ತಾ ಹೋದರು, ಒಂದಿಷ್ಟೂ ಕಡಿಮೆಯಾಗಲಿಲ್ಲ. ಅದೇ ಸುಳಿವು. ಸ್ಪೀಕರ್ ಪೂರ್ತಿ ಇಳಿಸಿದರೂ ಪ್ರತಿಧ್ವನಿ ಇದೆ ಅಂದರೆ ಅದು ಗಾಳಿಯಲ್ಲಿ ಸುತ್ತುತ್ತಿಲ್ಲ, ವಯರಿನಲ್ಲೇ ಸುತ್ತುತ್ತಿದೆ. ಲ್ಯಾಪ್‌ಟಾಪ್‌ನಿಂದ ಮಿಕ್ಸರ್‌ಗೆ ಬಂದ ಮಾತು ಮೇನ್ ಔಟ್‌ನಲ್ಲಿ ಸೇರಿಕೊಂಡು ಮತ್ತೆ ಲ್ಯಾಪ್‌ಟಾಪ್‌ಗೇ ಹೋಗುತ್ತಿದೆ.

ಬಿಡಿಸುವ ಬಗೆ ಹೀಗೆ. ಲ್ಯಾಪ್‌ಟಾಪ್‌ಗೆ ಹೋಗುವ ವಯರನ್ನು ಮೇನ್ ಔಟ್‌ನಿಂದ ಕಿತ್ತು ಆಕ್ಸ್ ಔಟ್‌ಗೆ ಹಾಕಿ, ಅದು ಬೇಕಾದ ಚಾನೆಲ್‌ಗಳನ್ನಷ್ಟೇ ಆರಿಸಿ ಕಳಿಸಬಹುದಾದ ಬೇರೆ ತೂತು. ಪ್ರತಿ ಚಾನೆಲ್‌ನಲ್ಲೂ ಒಂದು ಆಕ್ಸ್ ತಿರುಗುಗುಂಡಿ ಇರುತ್ತದೆ. ಎಲ್ಲ ಮೈಕ್‌ಗಳ ಆಕ್ಸ್ ಏರಿಸಿ, ಲ್ಯಾಪ್‌ಟಾಪ್ ಬರುವ ಚಾನೆಲ್‌ನ ಆಕ್ಸ್ ಮಾತ್ರ ಸೊನ್ನೆಗೆ ತನ್ನಿ. ಈಗ ಆನ್‌ಲೈನ್‌ನವರಿಗೆ ಹಾಲ್‌ನ ಎಲ್ಲವೂ ಹೋಗುತ್ತದೆ, ಅವರ ಮಾತೊಂದನ್ನು ಬಿಟ್ಟು. ಆಕ್ಸ್ ಬದಲಿಸಿದ ಮೇಲೆ ಧ್ವನಿ ಒಡೆದಂತೆ ಕೇಳಿದರೆ ಮಿಕ್ಸರ್‌ನಿಂದ ಬರುವ ಜೋರು ಸಿಗ್ನಲ್ ಲ್ಯಾಪ್‌ಟಾಪ್‌ನ ಮೈಕ್ ತೂತಿಗೆ ತಡೆಯಲಾಗುತ್ತಿಲ್ಲ ಅಂತ ಅರ್ಥ. ಲೈನ್ ಇನ್ (ಜೋರು ಸಿಗ್ನಲ್ ತಡೆಯುವ ತೂತು) ಇರುವ ಒಂದು ಚಿಕ್ಕ ಯುಎಸ್‌ಬಿ ಸೌಂಡ್ ಕಾರ್ಡ್ ನಡುವೆ ಹಾಕಿದರೆ ಸರಿಹೋಗುತ್ತದೆ.

ಮಾತು ಮಂದ, ಮಾತು ನುಂಗಿದಂತೆ, ತಂಬೂರಿ ಮಾಯ

ಒಬ್ಬರ ಧ್ವನಿ ಹಳೇ ಫೋನಿನಲ್ಲಿ ಬಂದಂತೆ ಮಂದವಾಗಿದೆ, ಆದರೆ ಕಟ್ ಆಗುತ್ತಿಲ್ಲ. ಕೇಳಿ, ಬ್ಲೂಟೂತ್ ಹೆಡ್‌ಸೆಟ್ ಹಾಕಿದ್ದಾರಾ ಅಂತ. ಬ್ಲೂಟೂತ್‌ನಲ್ಲಿ ಹಾಡು ಕೇಳುವುದಕ್ಕೆ ಒಂದು ವಿಧಾನ, ಮಾತಾಡುವುದಕ್ಕೆ ಇನ್ನೊಂದು. ಮೈಕ್ ಶುರುವಾದ ಕ್ಷಣ ಹೆಡ್‌ಸೆಟ್ ಮಾತಿನ ವಿಧಾನಕ್ಕೆ ಇಳಿಯುತ್ತದೆ. ಅಲ್ಲಿ ಧ್ವನಿಯನ್ನು ಅಳೆದು ಮಾದರಿ (ಸ್ಯಾಂಪಲ್) ತೆಗೆಯುವುದು ಸೆಕೆಂಡಿಗೆ 8,000 ಇಲ್ಲವೇ 16,000 ಸಲ, ಈ ಸಂಖ್ಯೆ ಕಡಿಮೆಯಾದಷ್ಟೂ ಧ್ವನಿ ಮಂದ. ಈ ಮೀಟಿಂಗ್ ಆ್ಯಪ್‌ಗಳಲ್ಲಿ ತುಂಬ ಕಡೆ ಬಳಕೆಯಲ್ಲಿರುವ ಓಪಸ್ ಕೋಡೆಕ್ (ಧ್ವನಿಯನ್ನು ಕುಗ್ಗಿಸಿ ಕಳಿಸುವ ವಿಧಾನ) 48,000ದವರೆಗೆ ಹೋಗಬಲ್ಲದು. ಬೆಲೆ ಎಷ್ಟೇ ಇರಲಿ, ಹೆಡ್‌ಸೆಟ್‌ನಲ್ಲಿ ಹೀಗಾಗುವುದು ಸಾಮಾನ್ಯ. ಕೇಳಲು ಹೆಡ್‌ಸೆಟ್ ಇಟ್ಟುಕೊಂಡು ಆ್ಯಪ್‌ನಲ್ಲಿ ಮೈಕ್ ಅಂತ ಲ್ಯಾಪ್‌ಟಾಪ್‌ನದನ್ನೇ ಆರಿಸಿದರೆ ಎರಡೂ ಚೆನ್ನಾಗಿರುತ್ತವೆ. ವಯರ್ ಇರುವ ಸಾದಾ ಇಯರ್‌ಫೋನ್ ಇನ್ನೂ ಒಳ್ಳೆಯದು.

ಮಾತಿನ ಕೊನೆಯ ಅಕ್ಷರಗಳು ಮಾತ್ರ ನುಂಗಿಹೋಗುತ್ತಿದ್ದರೆ ತಲೆ ಮೇಲಿನ ಫ್ಯಾನ್ ನೋಡಿ. ಗದ್ದಲ ತೆಗೆಯುವ ವ್ಯವಸ್ಥೆ ಫ್ಯಾನಿನ ಸದ್ದನ್ನು ಕಳೆಯುವ ಭರದಲ್ಲಿ ಮೆಲ್ಲಗೆ ಆಡಿದ ಮಾತನ್ನೂ ಕಳೆದುಬಿಡುತ್ತದೆ. ಮೈಕ್ ಬಾಯಿಯ ಹತ್ತಿರ ತಂದರೆ ಅರ್ಧ ಸರಿಹೋಗುತ್ತದೆ.

ನಮ್ಮೂರಲ್ಲಿ ಸಂಗೀತದ ಪಾಠಗಳೂ ಆನ್‌ಲೈನ್‌ನಲ್ಲಿ ನಡೆಯುತ್ತವೆ. ಅಲ್ಲಿ ಬರುವ ದೂರು ಹೀಗೆ: “ತಂಬೂರಿ ಶುರುವಿನಲ್ಲಿ ಕೇಳುತ್ತದೆ, ಆಮೇಲೆ ಮಾಯವಾಗುತ್ತದೆ.” ಇಂಟರ್‌ನೆಟ್ ಅಂತ ಎಷ್ಟೋ ಮಂದಿ ರೌಟರ್ ಬದಲಿಸಿದ್ದಾರೆ. ಒಂದೇ ಸಮನೆ ನಿಂತು ನುಡಿಯುವ ಶ್ರುತಿ ಗದ್ದಲ ತೆಗೆಯುವ ಈ ವ್ಯವಸ್ಥೆಗೆ ಫ್ಯಾನಿನ ಸದ್ದಿನಂತೆಯೇ ಕಾಣುತ್ತದೆ, ಅದನ್ನು ಗದ್ದಲ ಅಂತ ತಿಳಿದು ಅಳಿಸಿಹಾಕುತ್ತದೆ. ಜೂಮ್‌ನಲ್ಲಿ ಒರಿಜಿನಲ್ ಸೌಂಡ್ ಅಂತ ಒಂದು ಆಯ್ಕೆ ಇದೆ, ಅದನ್ನು ಆನ್ ಮಾಡಿ. ಮೀಟ್‌ನಲ್ಲಿ ನಾಯ್ಸ್ ಕ್ಯಾನ್ಸಲೇಶನ್ ಆಯ್ಕೆ ಕಂಡರೆ ಆಫ್ ಮಾಡಿ. ಆಗ ಎರಡೂ ಕಡೆಯವರು ಹೆಡ್‌ಫೋನ್ ಹಾಕಲೇಬೇಕು, ಇಲ್ಲದಿದ್ದರೆ ಪ್ರತಿಧ್ವನಿ ಕಾಟ ಕೊಡುತ್ತದೆ. ಗುರುಗಳ ಮುಂದೆ ಕೂತು ಷಡ್ಜ ಹಿಡಿಯಬೇಕಾದ ಮಕ್ಕಳಿಗೆ ಶ್ರುತಿಯೇ ಕೇಳಿಸದಿದ್ದರೆ ಹೇಗೆ? ಇದೊಂದು ಆಯ್ಕೆ ತಿಳಿಸಿಕೊಟ್ಟಿದ್ದಕ್ಕೆ ಒಬ್ಬ ಗುರುಗಳು ಫೋನಿನಲ್ಲೇ ಹಾಡಿ ತೋರಿಸಿದರು, ನನಗೆ ಅದು ದೊಡ್ಡ ಸಂತೋಷ.

ಕಟ್ ಕಟ್ ಆಗುವ ಮಾತು: ಇಂಟರ್‌ನೆಟ್ ಅಂದರೆ ಯಾವ ಭಾಗ?

ನಿಮ್ಮ ಮಾತು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಂಡುಗಳಾಗಿ, ಸೆಕೆಂಡಿಗೆ 50 ಪ್ಯಾಕೆಟ್‌ಗಳಾಗಿ ಹೋಗುತ್ತದೆ. ಅದರಲ್ಲಿ ಒಂದು ಅಲ್ಲೊಂದು ಇಲ್ಲೊಂದು ಕಳೆದುಹೋದರೆ ಆಚೆ ಕಡೆಯ ಯಂತ್ರ ಹಿಂದಿನ ಧ್ವನಿಯಿಂದ ಊಹಿಸಿ ತುಂಬಿಬಿಡುತ್ತದೆ, ಕಿವಿಗೆ ತಿಳಿಯುವುದಿಲ್ಲ. ಒಟ್ಟಿಗೆ ಹತ್ತು ಹೋದರೆ ಒಂದು ಅಕ್ಷರವೇ ಇಲ್ಲ. ಊಹಿಸಿದ್ದೇ ಜಾಸ್ತಿಯಾದಾಗ ರೋಬೋ ಮಾತಾಡಿದಂತೆ ಕೇಳುತ್ತದೆ. ಅದಕ್ಕೇ ಸ್ಪೀಡ್ ಟೆಸ್ಟ್ ಮಾಡಿ “100 ಎಂಬಿಪಿಎಸ್ ಬರ್ತಿದೆ, ನಮ್ಮದು ಸರಿ ಇದೆ” ಅಂದರೆ ನಾನು ಒಪ್ಪುವುದಿಲ್ಲ. ಮಾತಿಗೆ ಬೇಕಾಗುವುದು ಕೆಲವು ಹತ್ತು ಕೆಬಿಪಿಎಸ್ ಅಷ್ಟೇ. ಆದರೆ ಅಷ್ಟೂ ಸಮಯಕ್ಕೆ ಸರಿಯಾಗಿ, ಬಿಡದೆ ಬರಬೇಕು.

ನೋಡುವುದು ಹೀಗೆ. ಮೀಟಿಂಗ್ ನಡೆಯುತ್ತಿರುವಾಗಲೇ ಕಂಪ್ಯೂಟರ್‌ನಲ್ಲಿ ಕಮಾಂಡ್ ಬರೆಯುವ ಎರಡು ಕಪ್ಪು ಕಿಟಕಿ ತೆರೆಯಿರಿ. ಒಂದರಲ್ಲಿ ನಿಮ್ಮ ರೌಟರ್‌ಗೆ ಪಿಂಗ್ ಹಾಕಿ (ಚಿಕ್ಕ ಪ್ಯಾಕೆಟ್ ಕಳಿಸಿ ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತ ತೋರಿಸುವ ಕಮಾಂಡ್ ಇದು), ಅದರ ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಇನ್ನೊಂದರಲ್ಲಿ 8.8.8.8ಕ್ಕೆ, ಅದು ಹೊರಗಿರುವ ಗೂಗಲ್ ಸರ್ವರ್‌ನ ವಿಳಾಸ. ವಿಂಡೋಸ್‌ನಲ್ಲಿ ಪಿಂಗ್ ನಾಲ್ಕೇ ಸಲ ಹೋಗಿ ನಿಲ್ಲುತ್ತದೆ, ನಿಲ್ಲದಂತೆ ಮಾಡುವ ಆಯ್ಕೆ ಹಾಕಿಕೊಳ್ಳಿ. ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾ ಮಾತು ಕಟ್ ಆಗುವ ಕ್ಷಣಕ್ಕೆ ಕಾಯಿರಿ. ರೌಟರ್‌ದೇ 2 ಮಿಲಿಸೆಕೆಂಡಿನಿಂದ 300ಕ್ಕೆ ಹಾರಿತಾ? ದೋಷ ಮನೆಯೊಳಗಿನ ವೈಫೈನಲ್ಲಿ. ರೌಟರ್‌ದು 2, 3 ಅಂತ ಅಲುಗಾಡದೆ ಇದ್ದು ಹೊರಗಿನದು ಮಾತ್ರ ಹಾರಿತಾ? ದೋಷ ರೌಟರ್‌ನಿಂದ ಆಚೆ, ಇಲ್ಲವೇ ನಿಮ್ಮ ಅಪ್‌ಲೋಡ್ ತುಂಬಿಹೋಗಿದೆ. ಎರಡೂ ನೆಟ್ಟಗಿದ್ದು ಮಾತು ಮಾತ್ರ ಕಟ್ ಆದರೆ ಇಂಟರ್‌ನೆಟ್ ಬಿಟ್ಟು ಕಂಪ್ಯೂಟರ್ ನೋಡಿ.

ವೈಫೈ ಆಗಿದ್ದರೆ ಮೊದಲು 2.4 ಗಿಗಾಹರ್ಟ್ಸ್‌ನಿಂದ 5ಕ್ಕೆ ಬದಲಿಸಿ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ. ಅಪಾರ್ಟ್‌ಮೆಂಟ್‌ನಲ್ಲಿ ಮೂವತ್ತು ರೌಟರ್‌ಗಳು ಅದೇ ಮೂರಕ್ಕೆ ಬಡಿದಾಡುತ್ತಿರುತ್ತವೆ. ಮೈಕ್ರೊವೇವ್ ಒಲೆ, ಬ್ಲೂಟೂತ್ ಎಲ್ಲ ಅಲ್ಲೇ. 5 ಗಿಗಾಹರ್ಟ್ಸ್ ಗೋಡೆ ದಾಟುವುದು ಕಷ್ಟ, ಕಲ್ಲಿನ ಗೋಡೆಯ ಹಳೇ ಮನೆಗಳಲ್ಲಂತೂ ಪಕ್ಕದ ಕೋಣೆಗೂ ಸರಿಯಾಗಿ ಬರುವುದಿಲ್ಲ. ಅಂಥ ಕಡೆ ಒಂದು ಲ್ಯಾನ್ ಕೇಬಲ್ ಎಳೆದುಬಿಡಿ. ವರ್ಷಗಟ್ಟಲೆ ತಲೆನೋವು ತಪ್ಪುತ್ತದೆ.

ಅಪ್‌ಲೋಡ್ ತುಂಬುವುದು ಸಾಮಾನ್ಯವಾಗಿ ಫೋಟೊ ಬ್ಯಾಕಪ್‌ನಿಂದ. ಪ್ರವಾಸದಿಂದ ಬಂದವರ ಫೋನು ಮನೆಯ ವೈಫೈ ಸಿಕ್ಕ ಕೂಡಲೇ ನೂರಾರು ಫೋಟೊ ಮೇಲೆ ಕಳಿಸಲು ಶುರುಮಾಡುತ್ತದೆ. ಪ್ಯಾಕೆಟ್‌ಗಳು ರೌಟರ್‌ನಲ್ಲಿ ಸಾಲು ನಿಲ್ಲುತ್ತವೆ, ನಿಮ್ಮ ಮಾತು ಆ ಸಾಲಿನ ಕೊನೆಯಲ್ಲಿ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಮಾತು ತಲುಪಲು 150 ಮಿಲಿಸೆಕೆಂಡಿನೊಳಗೆ ಇದ್ದರೆ ಮಾತುಕತೆಗೆ ತೊಂದರೆ ಇಲ್ಲ ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಹೇಳುತ್ತದೆ, 400 ಮೀರಬಾರದು. ಅದು ಮೀರಿದಾಗಲೇ ಇಬ್ಬರೂ ಒಟ್ಟಿಗೆ ಶುರುಮಾಡುವುದು, ಇಬ್ಬರೂ ನಿಲ್ಲಿಸುವುದು, “ಹೇಳಿ ಹೇಳಿ”, “ಇಲ್ಲ ನೀವು ಹೇಳಿ” ಅನ್ನುವುದು.

ಇನ್ನೊಂದು ಲಕ್ಷಣ ನೆನಪಿಡಿ. ಮಾತು ಎರಡು ಮೂರು ಸೆಕೆಂಡ್ ಪೂರ್ತಿ ನಿಂತು, ಆಮೇಲೆ ಒಟ್ಟಿಗೆ ಓಡಿಬರುತ್ತದೆ. ಆಫೀಸು, ಬ್ಯಾಂಕು, ಕಾಲೇಜಿನ ಇಂಟರ್‌ನೆಟ್‌ನಲ್ಲಿ ಇದು ಜಾಸ್ತಿ. ಅಲ್ಲಿ ಫೈರ್‌ವಾಲ್ (ನೆಟ್‌ವರ್ಕ್‌ನ ಕಾವಲು ವ್ಯವಸ್ಥೆ) ಯುಡಿಪಿ ತಡೆದಿರುತ್ತದೆ, ಅಂದರೆ ಕಳೆದುಹೋದದ್ದಕ್ಕೆ ಕಾಯದೆ ಪ್ಯಾಕೆಟ್ ಕಳಿಸುವ ವಿಧಾನವನ್ನು. ಆಗ ಮೀಟಿಂಗ್ ಟಿಸಿಪಿ ಅನ್ನುವ ಇನ್ನೊಂದು ವಿಧಾನದಲ್ಲಿ, ವೆಬ್‌ಸೈಟ್‌ಗಳು ಬಳಸುವ 443ನೇ ಪೋರ್ಟ್ (ಬಾಗಿಲಿನಂಥ ಸಂಖ್ಯೆ) ಮೇಲೆ ನಡೆಯುತ್ತದೆ. ಟಿಸಿಪಿಯಲ್ಲಿ ಒಂದು ಪ್ಯಾಕೆಟ್ ಕಳೆದರೆ ಅದು ಮತ್ತೆ ಬರುವ ತನಕ ಅದರ ಹಿಂದೆ ಬಂದವೆಲ್ಲ ಕಾಯುತ್ತವೆ. ಅದೇ ಲ್ಯಾಪ್‌ಟಾಪ್ ಮೊಬೈಲ್ ಹಾಟ್‌ಸ್ಪಾಟ್‌ಗೆ ಹಾಕಿ ನೋಡಿ. ಅಲ್ಲಿ ಸರಿಯಿದ್ದರೆ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಹೇಳಿ, ಹೊರಗೆ ಹೋಗುವ ಈ ಯುಡಿಪಿ ಪೋರ್ಟ್‌ಗಳನ್ನು ತೆರೆಯಬೇಕು: ಮೀಟ್‌ಗೆ 3478, ಟೀಮ್ಸ್‌ಗೆ 3478ರಿಂದ 3481, ಜೂಮ್‌ಗೆ 8801ರಿಂದ 8810. ವಿಪಿಎನ್ (ಇಂಟರ್‌ನೆಟ್ಟನ್ನು ಬೇರೊಂದು ಸರ್ವರ್ ಮೂಲಕ ಸುತ್ತಿಸುವ ಆ್ಯಪ್) ಹಾಕಿದ್ದರೂ ಹೀಗಾಗಬಹುದು, ಅದನ್ನೂ ಒಮ್ಮೆ ತೆಗೆದು ನೋಡಿ.

ಚಿತ್ರ ತಡವರಿಸುತ್ತಿದೆ

ಮೊದಲು ಒಂದು ಕೆಲಸ ಮಾಡಿ. ಮೀಟಿಂಗ್‌ನಿಂದ ಹೊರಬಂದು ಕಂಪ್ಯೂಟರ್‌ನ ಕ್ಯಾಮೆರಾ ಆ್ಯಪ್ ತೆರೆದು ನಿಮ್ಮ ಕೈ ಬೀಸಿ ನೋಡಿ. ಅಲ್ಲೂ ಕೈ ಬಾಲ ಬಿಟ್ಟಂತೆ ಕಂಡರೆ ಇಂಟರ್‌ನೆಟ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಬೆಳಕು ಸಾಲುತ್ತಿಲ್ಲ. ಕತ್ತಲೆ ಇದ್ದರೆ ಕ್ಯಾಮೆರಾ ಪ್ರತಿ ಚಿತ್ರಕ್ಕೂ ಜಾಸ್ತಿ ಹೊತ್ತು ಕಣ್ಣು ತೆರೆದಿರಬೇಕಾಗುತ್ತದೆ, ಸೆಕೆಂಡಿಗೆ 30 ಇದ್ದದ್ದು 15ಕ್ಕೋ 10ಕ್ಕೋ ಇಳಿಯುತ್ತದೆ. ಸಂಜೆ ಆರರ ಮೇಲೆ “ನಮ್ಮ ನೆಟ್ ಸ್ಲೋ ಆಗುತ್ತೆ” ಅನ್ನುವವರಲ್ಲಿ ಕೆಲವರಿಗೆ ಬೇಕಾಗಿರುವುದು ಮುಖದ ಎದುರು ಒಂದು ದೀಪ.

ಚಿತ್ರದ ಮೇಲೆ ಅಡ್ಡ ಪಟ್ಟೆಗಳು ಮೆಲ್ಲಗೆ ಹರಿಯುತ್ತಿದ್ದರೆ ಅದೂ ಬೆಳಕಿನದೇ. ನಮ್ಮ ದೇಶದ ಕರೆಂಟ್ 50 ಹರ್ಟ್ಸ್, ಹಳೇ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ 60 ಹರ್ಟ್ಸ್ ಇದ್ದರೆ ಎರಡೂ ಹೊಂದದೆ ಪಟ್ಟೆ ಬೀಳುತ್ತವೆ. 50ಕ್ಕೆ ಬದಲಿಸಿ. ಅಮೆರಿಕದಲ್ಲಿ ಕೊಂಡು ತಂದ ವೆಬ್‌ಕ್ಯಾಮ್‌ಗಳಲ್ಲಿ ಇದನ್ನು ಮರೆಯದೆ ನೋಡಿ.

ಕ್ಯಾಮೆರಾ ಆ್ಯಪ್‌ನಲ್ಲಿ ಚೆನ್ನಾಗಿದ್ದು ಮೀಟಿಂಗ್‌ನಲ್ಲಿ ಮಾತ್ರ ಹಾಳಾದರೆ ಆಗ ಎರಡೇ ದಾರಿ: ಇಂಟರ್‌ನೆಟ್ ಅಥವಾ ಕಂಪ್ಯೂಟರಿನ ಶಕ್ತಿ. ಇದನ್ನು ಊಹಿಸಬೇಕಿಲ್ಲ. ಕ್ರೋಮ್‌ನಲ್ಲಿ ವೆಬ್‌ಆರ್‌ಟಿಸಿ ಇಂಟರ್ನಲ್ಸ್ ಅನ್ನುವ ಒಳಪುಟ ಇದೆ. ಬ್ರೌಸರ್‌ನಲ್ಲಿ ಮೀಟಿಂಗ್ ನಡೆಯುವಾಗ ಇನ್ನೊಂದು ಟ್ಯಾಬ್‌ನಲ್ಲಿ ಅದನ್ನು ತೆರೆದರೆ ಅಂಕಿಗಳ ರಾಶಿಯೇ ಕಾಣುತ್ತದೆ. ಹೆದರಬೇಡಿ. ಹೊರಹೋಗುವ ವಿಡಿಯೊದ ಸಾಲಿನಲ್ಲಿ ಕ್ವಾಲಿಟಿ ಲಿಮಿಟೇಶನ್ ರೀಸನ್ ಅನ್ನುವುದನ್ನು ಹುಡುಕಿ. ಬ್ಯಾಂಡ್‌ವಿಡ್ತ್ ಅಂತ ಇದ್ದರೆ ಇಂಟರ್‌ನೆಟ್. ಸಿಪಿಯು ಅಂತ ಇದ್ದರೆ ಕಂಪ್ಯೂಟರ್ ಸೋತಿದೆ: ಹಿನ್ನೆಲೆ ಮಸುಕು ಮಾಡುವುದನ್ನು ತೆಗೆಯಿರಿ, ಚಾರ್ಜರ್ ಹಾಕಿ, ಮಡಿಲಲ್ಲಿ ಹಾಸಿಗೆಯ ಮೇಲೆ ಇಟ್ಟಿದ್ದರೆ ಮೇಜಿನ ಮೇಲಿಡಿ, ಎಲ್ಲರ ಮುಖ ಒಟ್ಟಿಗೆ ತೋರಿಸುವ ನೋಟ ಬಿಟ್ಟು ಮಾತಾಡುವವರನ್ನು ಮಾತ್ರ ತೋರಿಸುವ ನೋಟಕ್ಕೆ ಬನ್ನಿ. ಜೂಮ್ ಆ್ಯಪ್‌ನಲ್ಲಿ ಸೆಟ್ಟಿಂಗ್ಸ್ ಒಳಗಿನ ಸ್ಟ್ಯಾಟಿಸ್ಟಿಕ್ಸ್ ನೋಡಿದರೆ ಪ್ಯಾಕೆಟ್ ಲಾಸ್ (ಎಷ್ಟು ಪ್ಯಾಕೆಟ್ ಕಳೆದವು), ಜಿಟರ್ (ಬರುವ ಸಮಯದ ಏರುಪೇರು) ಎಲ್ಲ ಸಿಗುತ್ತವೆ. ಲಾಸ್ 2 ಶೇಕಡಾ ದಾಟಿ ಅಲ್ಲೇ ನಿಂತರೆ ನಾನು ಚಿತ್ರ ಆಫ್ ಮಾಡಿ ಅನ್ನುತ್ತೇನೆ. ಮಾತು ಉಳಿದರೆ ಪಾಠ ನಡೆಯುತ್ತದೆ.

ಸ್ವಂತ ಸರ್ವರ್: ಇಬ್ಬರಿದ್ದಾಗ ಸರಿ, ಮೂರನೆಯವರು ಬಂದರೆ ಎಲ್ಲ ಮಾಯ

ಜಿಟ್ಸಿಯನ್ನು ತಮ್ಮದೇ ಸರ್ವರ್‌ನಲ್ಲಿ ಹಾಕಿಕೊಂಡ ಸಂಸ್ಥೆಗಳಿಗೆ ಈ ಭಾಗ. ನಾವೂ ಹಾಕಿಕೊಂಡಿದ್ದೇವೆ. ಮೊದಲ ದಿನ ನಾನೂ ನನ್ನ ಸಹೋದ್ಯೋಗಿಯೂ ಸೇರಿ ನೋಡಿದೆವು. ಧ್ವನಿ, ಚಿತ್ರ ಎರಡೂ ಬಹಳ ಚೆನ್ನಾಗಿ ಬಂದವು. ಖುಷಿಯಿಂದ ಮೂರನೆಯವರನ್ನು ಕರೆದೆವು. ಅವರು ಒಳಗೆ ಬಂದ ಮರುಕ್ಷಣ ಮೂವರ ಚಿತ್ರವೂ ಕಪ್ಪು, ಧ್ವನಿ ಇಲ್ಲ. ಹೆಸರುಗಳು ಕಾಣುತ್ತಿವೆ, ಚಾಟ್ ಹೋಗುತ್ತಿದೆ. ಮೂರನೆಯವರು ಹೊರಗೆ ಹೋದರು, ಮತ್ತೆ ಎಲ್ಲ ಸರಿ! ಪಾಪ, ಅವರದೇ ಲ್ಯಾಪ್‌ಟಾಪ್ ಕೆಟ್ಟಿದೆ ಅಂದುಕೊಂಡೆವು. ಬೇರೆಯವರನ್ನು ಕರೆದರೂ ಅದೇ.

ಕಾರಣ ಇಷ್ಟು. ಇಬ್ಬರೇ ಇದ್ದಾಗ ಜಿಟ್ಸಿ ತನ್ನ ವಿಡಿಯೊಬ್ರಿಜ್ ಅನ್ನು (ಧ್ವನಿ, ಚಿತ್ರವನ್ನು ಎಲ್ಲರಿಗೂ ಹಂಚುವ ಸರ್ವರ್ ಭಾಗ) ಬಳಸುವುದೇ ಇಲ್ಲ, ಇಬ್ಬರ ಬ್ರೌಸರ್‌ಗಳನ್ನು ನೇರ ಜೋಡಿಸುತ್ತದೆ. ಮೂರನೆಯವರು ಬಂದಾಗ ಎಲ್ಲರನ್ನೂ ಬ್ರಿಜ್‌ಗೆ ತಿರುಗಿಸುತ್ತದೆ. ಅಂದರೆ ನಮ್ಮ ಬ್ರಿಜ್ ಮೊದಲ ದಿನದಿಂದಲೂ ಕೆಲಸ ಮಾಡಿರಲೇ ಇಲ್ಲ. ಹೆಸರು, ಚಾಟ್ ಹೋಗುವುದು 443ರ ಮೇಲೆ, ಅದು ತೆರೆದಿತ್ತು. ಧ್ವನಿ, ಚಿತ್ರ ಹೋಗುವುದು ಯುಡಿಪಿ 10000 ಮೇಲೆ, ಅದು ಮುಚ್ಚಿತ್ತು.

ನೋಡಬೇಕಾದದ್ದು ಎರಡು. ಒಂದು, ಪೋರ್ಟ್. ಸರ್ವರ್ ಒಳಗಿನ ಫೈರ್‌ವಾಲ್ ಒಂದು, ಕ್ಲೌಡ್ ಕಂಪನಿಯ ಪುಟದಲ್ಲಿರುವ ಫೈರ್‌ವಾಲ್ ಇನ್ನೊಂದು. ಎರಡರಲ್ಲೂ 10000 ತೆರೆಯಬೇಕು, ಟಿಸಿಪಿ ಅಲ್ಲ, ಯುಡಿಪಿ. ನಾವು ಒಂದರಲ್ಲಿ ಮಾತ್ರ ತೆರೆದಿದ್ದೆವು. ತೆರೆದ ಮೇಲೆ ಸರ್ವರ್‌ನಲ್ಲಿ ಟಿಸಿಪಿಡಂಪ್ (ಬಂದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ಕಮಾಂಡ್) ಹಾಕಿ ಯುಡಿಪಿ 10000ದಲ್ಲಿ ಏನಾದರೂ ಬರುತ್ತಿದೆಯಾ ನೋಡಿ. ಮೂವರು ಸೇರಿದಾಗ ಸಾಲುಗಳು ದಡದಡ ಓಡಬೇಕು. ಒಂದೂ ಬರದಿದ್ದರೆ ಇನ್ನೂ ಎಲ್ಲೋ ಮುಚ್ಚಿದೆ, ಇಲ್ಲವೇ ಎರಡನೆಯ ಕಾರಣ. ಎರಡನೆಯದು ವಿಳಾಸ. ಕ್ಲೌಡ್‌ನಲ್ಲಿ ಸರ್ವರ್‌ಗೆ ಒಳಗಿನ ವಿಳಾಸ ಒಂದು, 10 ಅಥವಾ 172ರಿಂದ ಶುರುವಾಗುವಂಥದ್ದು, ಹೊರಗಿನವರಿಗೆ ಕಾಣುವುದು ಇನ್ನೊಂದು. ಬ್ರಿಜ್‌ಗೆ ತನ್ನ ಹೊರಗಿನ ವಿಳಾಸ ಗೊತ್ತಿಲ್ಲದಿದ್ದರೆ “ನನಗೆ ಇಲ್ಲಿ ಕಳಿಸಿ” ಅಂತ ಒಳಗಿನ ವಿಳಾಸವನ್ನೇ ಹೇಳುತ್ತದೆ, ಬ್ರೌಸರ್‌ಗಳು ಎಲ್ಲಿಗೂ ತಲುಪದ ಕಡೆಗೆ ಪ್ಯಾಕೆಟ್ ಕಳಿಸುತ್ತಿರುತ್ತವೆ. ವಿಡಿಯೊಬ್ರಿಜ್‌ನ ಕಾನ್ಫಿಗ್ ಫೈಲಿನಲ್ಲಿ ಒಳವಿಳಾಸ, ಹೊರವಿಳಾಸ ಎರಡನ್ನೂ ಜೋಡಿಸಿ ಬರೆದು ಬ್ರಿಜ್ ಅನ್ನು ರೀಸ್ಟಾರ್ಟ್ ಮಾಡಬೇಕು. ಈ ದೋಷದ ಗುರುತು: ಸರ್ವರ್ ಇರುವ ಅದೇ ನೆಟ್‌ವರ್ಕ್‌ನಲ್ಲಿ ಕೂತವರಿಗೆ ಎಲ್ಲ ಸರಿ, ಹೊರಗಿನವರಿಗೆ ಮಾತ್ರ ಕಪ್ಪು.

ಇವೆರಡೂ ಸರಿಯಾದ ಮೇಲೂ ಯಾವುದೋ ಒಂದು ಆಫೀಸಿನವರಿಗೆ ಮಾತ್ರ ಬರುವುದಿಲ್ಲ ಅಂದರೆ ಅವರ ಫೈರ್‌ವಾಲ್ ಯುಡಿಪಿ ತಡೆದಿದೆ. ಅವರಿಗಾಗಿ ಟರ್ನ್ ಅನ್ನುವ ಮಧ್ಯವರ್ತಿ ಸರ್ವರ್ ಬೇಕು, ಅದು 443ರಲ್ಲಿ ಟಿಎಲ್‌ಎಸ್ (ವೆಬ್‌ಸೈಟ್‌ಗಳು ಬಳಸುವ ಗೂಢಲಿಪಿ ಸಂಪರ್ಕ) ಮೇಲೆ ಅವರ ಪ್ಯಾಕೆಟ್‌ಗಳನ್ನು ತೆಗೆದುಕೊಂಡು ಬ್ರಿಜ್‌ಗೆ ಮುಟ್ಟಿಸುತ್ತದೆ.

ಪ್ರತಿ ಸಲ ಮೂರು ಜನರನ್ನು ಒಟ್ಟು ಸೇರಿಸುವುದು ಕಷ್ಟ ಅಲ್ವಾ? ಜಿಟ್ಸಿಯ ಸೆಟ್ಟಿಂಗ್‌ನಲ್ಲಿ ಇಬ್ಬರ ನೇರ ಜೋಡಣೆಯನ್ನು ಆಫ್ ಮಾಡಬಹುದು. ಆಗ ಇಬ್ಬರಿದ್ದರೂ ಬ್ರಿಜ್ ಮೂಲಕವೇ ಹೋಗುತ್ತದೆ, ಒಬ್ಬರೇ ಕೂತು ಒಂದು ಲ್ಯಾಪ್‌ಟಾಪ್, ಒಂದು ಮೊಬೈಲ್‌ನಿಂದ ಪರೀಕ್ಷೆ ಮಾಡಬಹುದು. ಮೊಬೈಲ್ ಮಾತ್ರ ವೈಫೈನಲ್ಲಿ ಬೇಡ, ಸಿಮ್‌ನ ಡೇಟಾದಲ್ಲಿರಲಿ. ಸರ್ವರ್ ಅಪ್‌ಡೇಟ್ ಮಾಡಿದ ದಿನ ರಾತ್ರಿ ನಾನು ಹೀಗೆ ಎರಡನ್ನೂ ಸೇರಿಸಿ, ಮೊಬೈಲನ್ನು ಅಡುಗೆಮನೆಯ ರೇಡಿಯೊ ಪಕ್ಕ ಇಟ್ಟು ಬಂದು, ಲ್ಯಾಪ್‌ಟಾಪ್‌ನಲ್ಲಿ ಹೆಡ್‌ಫೋನ್ ಹಾಕಿ ಹತ್ತು ನಿಮಿಷ ಕೇಳುತ್ತೇನೆ. ರೇಡಿಯೊ ಎಲ್ಲೂ ಮುರಿಯದೆ ಬಂದರೆ ಮಾತ್ರ ಬೆಳಗಿನ ತರಗತಿಗೆ ಲಿಂಕ್ ಕಳಿಸುತ್ತೇನೆ.